ಹುಲುಗೇಶನ ಎಪ್ಪತ್ತು ನಿಮಿಷ

ಕೂಡ್ಲಿಗಿಯಲ್ಲಿ ಕೂತರೆ ಹುಲುಗೇಶನಿಗೆ ಕೊಟ್ಟೂರಿನಲ್ಲಿ ಏನೋ ಕೆಲಸ ಬಾಕಿ ಉಳಿದಂತೆ ಅನಿಸುತ್ತದೆ. ಕೊಟ್ಟೂರಿಗೆ ಹೋಗಿ ಇಳಿದರೆ ಹಗರಿಬೊಮ್ಮನಹಳ್ಳಿಯ ಬಸ್ಸು ಹೊರಟು ನಿಂತಿರುತ್ತದೆ; ಕಣ್ಣೆದುರಿಗೆ ಹೊರಟ ಬಸ್ಸನ್ನು ಸುಮ್ಮನೆ ಬಿಡುವುದು ಅವನ ಮನಸ್ಸಿಗೆ ಒಗ್ಗುವುದಿಲ್ಲ. ಹಡಗಲಿಯಲ್ಲಿ ಚಹಾ ಕುಡಿಯುತ್ತ ಹರಪನಹಳ್ಳಿಯ ಚಹಾ ಚಲೋ ಇತ್ತು ಎನ್ನುತ್ತಾನೆ, ಹರಪನಹಳ್ಳಿಯಲ್ಲಿ ಅದೇ ಮಾತನ್ನು ಹಡಗಲಿಯ ಚಹಾದ ಬಗ್ಗೆ ಹೇಳುತ್ತಾನೆ. ನಲವತ್ತು ದಾಟಿದ ಮೇಲೆ ಮನುಷ್ಯ ಒಂದು ಕಡೆ ನೆಲೆ ನಿಲ್ಲುತ್ತಾನೆ ಎಂದು ಹಿರಿಯರು ಹೇಳುವುದುಂಟು. ಹುಲುಗೇಶನಿಗೆ ನಲವತ್ತೆರಡು. ನೆಲೆ ನಿಂತದ್ದು ಹೊಟ್ಟೆ ಮಾತ್ರ.

ಇಂಥವನಿಗೆ ಸಿಕ್ಕ ನೌಕರಿಯಾದರೂ ಯಾವುದು? ಬೇರೆಯವರಿಗೆ ಅಲುಗಾಡಬೇಡಿ ಎಂದು ಹೇಳುವುದು. ಕೊಟ್ಟೂರಿನ ಒಂದು ಖಾಸಗಿ ಎಕ್ಸ್‌ರೇ ಕೇಂದ್ರದಲ್ಲಿ ಅವನು ಹದಿನೈದು ವರ್ಷದಿಂದ ಜನರ ಎಲುಬು, ಎದೆಗೂಡುಗಳ ಚಿತ್ರ ತೆಗೆಯುತ್ತಿದ್ದಾನೆ. "ಉಸಿರು ಹಿಡೀರಿ... ಅಲುಗಾಡಬ್ಯಾಡ್ರಿ... ಆತು, ಬಿಡ್ರಿ." ಅಷ್ಟು ಹೇಳುವುದರಲ್ಲಿ ಅವನೇ ಎರಡು ಸಲ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿರುತ್ತಾನೆ. ಒಳಗಿನದೆಲ್ಲ ಒಂದು ಕ್ಷಣದಲ್ಲಿ ಕಾಣುತ್ತದೆ ಎಂಬ ನಂಬಿಕೆ ಅವನಿಗೆ ಬಂದದ್ದು ಈ ಕೋಣೆಯಲ್ಲೇ. ಸಿನಿಮಾದ ಹುಚ್ಚು ಹತ್ತಿದ್ದೂ ಇಲ್ಲೇ ಇರಬೇಕು. ಕತ್ತಲ ಕೋಣೆ, ಬೆಳಕು, ಎದುರಿಗೆ ಹೆದರಿ ನಿಂತ ಮನುಷ್ಯ, ಇನ್ನೇನು ಬೇಕು.

ಮೊದಲ ಶಾರ್ಟ್ ಫಿಲ್ಮು ಆರು ನಿಮಿಷದ್ದು. ಮದುವೆ ಮಂಟಪದ ಹೊರಗೆ ಚಪ್ಪಲಿ ಅದಲುಬದಲಾದ ಒಬ್ಬ ಮನುಷ್ಯ ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ಯಾರದೋ ಮೆಟ್ಟಿಕೊಂಡು ಮನೆಗೆ ನಡೆಯುವುದು, ಅಷ್ಟೇ ಕತೆ. ಎರಡನೆಯದು ಕಾನಹೊಸಹಳ್ಳಿಯಲ್ಲಿ ಬಸ್ಸಿಗಾಗಿ ಕಾಯುವವರದು. ಮೂರನೆಯದರಲ್ಲಿ ಒಂದು ಕೋಳಿ ಮಾತ್ರ ಪಾತ್ರಧಾರಿ, ಅದೂ ಹೇಳಿದ ಮಾತು ಕೇಳಲಿಲ್ಲ. ನಾಲ್ಕನೆಯದಕ್ಕೆ ಹೊಸಪೇಟೆಯ ಸ್ಪರ್ಧೆಯೊಂದರಲ್ಲಿ ಬಹುಮಾನ ಬಂತು. "ಬಿಗಿಯಾದ ಚಿತ್ರ, ಒಂದು ಕ್ಷಣವೂ ವ್ಯರ್ಥವಿಲ್ಲ" ಎಂದು ತೀರ್ಪುಗಾರರು ಮೈಕಿನಲ್ಲಿ ಹೊಗಳಿದರು. ಹೊದಿಸಿದ ಶಾಲು ಸ್ವಲ್ಪ ಗಿಡ್ಡವಾಗಿತ್ತು. ಚಿತ್ರಕ್ಕೆ ತಕ್ಕದ್ದೇ ಎಂದು ಹುಲುಗೇಶನ ಹೆಂಡತಿ ಅರ್ಚನಾ ಅದನ್ನು ಮಡಚಿ ಕಪಾಟಿನಲ್ಲಿಟ್ಟಳು.

ನಮ್ಮ ಕಡೆ ಶಾರ್ಟ್ ಫಿಲ್ಮ್ ತೆಗೆಯುವವನನ್ನು ಜನ ಸೈಕಲ್ ಕಲಿಯುವವನನ್ನು ನೋಡಿದಂತೆ ನೋಡುತ್ತಾರೆ. ಮೆಚ್ಚಿಗೆ ಇಲ್ಲವೆಂದಲ್ಲ, ಆದರೆ ಮೋಟರ್ ಸೈಕಲ್ ಯಾವಾಗ ಎಂದು ಕೇಳದೆ ಬಿಡುವುದಿಲ್ಲ. ಕೂಡ್ಲಿಗಿಯ ಕ್ಷೌರಿಕ ಹಾಲಸ್ವಾಮಿ ಅರ್ಧ ಗಡ್ಡ ಕೆರೆದು ಕೈ ನಿಲ್ಲಿಸಿಯೇ ಕೇಳಿದ್ದ.

"ಸಣ್ಣಸಣ್ಣವು ಸಾಕು ಬಿಡಪಾ. ದೊಡ್ಡದು ಯಾವಾಗ ತಗೀತಿ?"

"ಅದೂ ಸಿನಿಮಾನ ಹಾಲಸ್ವಾಮಣ್ಣ."

"ಇಂಟರ್ವಲ್ ಐತೇನು ಅದ್ರಾಗ?"

"ಇಲ್ಲ."

"ಮತ್ತ? ಎದ್ದು ಹೋಗಿ ಚುಮ್ಮರಿ ತಿಂದು ಬರಾಕ ಆಗಲಾರದ್ದು ಎಂಥಾ ಸಿನಿಮಾನೋ?"

ಈ ಮಾತು ಹುಲುಗೇಶನಿಗೆ ಮುಳ್ಳಿನಂತೆ ಚುಚ್ಚಿತು. ದೊಡ್ಡ ಸಿನಿಮಾ ಒಂದು ತೆಗೆಯದಿದ್ದರೆ ತಾನು ಸಾಯುವತನಕ ಸೈಕಲ್ ಕಲಿಯುವವನೇ ಎಂದು ಅವನಿಗೆ ಖಾತ್ರಿಯಾಯಿತು.

ಕತೆ ಸಿಕ್ಕಿದ್ದು ಹಲವಾಗಲಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಗಂಗವ್ವ ಎಂಬ ಹೆಂಗಸು. ಅವಳ ಗಂಡ ಒಂದು ದಿನ ತೆಪ್ಪ ಹತ್ತಿ ಆಚೆ ದಂಡೆಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆ. ದೂರ ದೇಶಕ್ಕೆ ಹೋಗಿದ್ದರೆ ಮರೆಯಬಹುದಿತ್ತು. ಇವನ ಮನೆಯ ಹೊಗೆ ಈಚೆಗೆ ಕಾಣುತ್ತದೆ. ಅವಳು ದಿನಾ ಹೊಳೆಗೆ ಬಂದು ಆ ಹೊಗೆಯನ್ನು ನೋಡಿ, ಬೈದು, ನೀರು ತುಂಬಿಕೊಂಡು ಹೋಗುತ್ತಾಳೆ. ಸಿನಿಮಾದ ಹೆಸರು ವಾರಕ್ಕೊಮ್ಮೆ ಬದಲಾಗುತ್ತಿತ್ತು. ಹುಲುಗೇಶ ಒಂದು ಹೆಸರಿನಲ್ಲಾದರೂ ನಿಂತರೆ ತಾನೇ.

ಕ್ಯಾಮೆರಾ ಹಿಡಿದವನು ಕ್ರಾಂತಿಕುಮಾರ, ಹುಲುಗೇಶನ ಚಡ್ಡಿ ದೋಸ್ತ, ಕೊಟ್ಟೂರಿನಲ್ಲಿ ಮದುವೆಯ ವಿಡಿಯೊ ತೆಗೆಯುವವನು. ಅವನ ಸಹನೆ ದೊಡ್ಡದು. ಬೀಗರು ಹಾರ ಬದಲಿಸಿಕೊಳ್ಳುವುದನ್ನು ಮುಕ್ಕಾಲು ತಾಸು ಅಲುಗಾಡದೆ ತೆಗೆದ ಅನುಭವಸ್ಥ. ಗಂಗವ್ವನ ಪಾತ್ರಕ್ಕೆ ಹಗರಿಬೊಮ್ಮನಹಳ್ಳಿಯ ಸುಮಲತಾ ಬಂದಳು. ಇಪ್ಪತ್ತು ವರ್ಷ ಊರೂರಿನ ನಾಟಕಗಳಲ್ಲಿ ನಾಯಕಿಯಾಗಿದ್ದು, ಈಗ ನಾಯಕನ ತಾಯಿಯ ಪಾತ್ರಕ್ಕೆ ಬಡ್ತಿ ಪಡೆದವಳು. ಎಂಥ ಊರಿನಲ್ಲಿ, ಎಂಥ ಹಾರ್ಮೋನಿಯಂ ಇದ್ದರೂ ಅವಳು ಅಳಲು ಶುರು ಮಾಡಿದರೆ ಮುಂದಿನ ಸಾಲಿನ ಹೆಂಗಸರು ಸೆರಗು ಹುಡುಕುತ್ತಿದ್ದರು.

ರಜೆಯ ದಿನಗಳಲ್ಲಿ, ಭಾನುವಾರಗಳಲ್ಲಿ, ಎಕ್ಸ್‌ರೇ ಯಂತ್ರ ಕೆಟ್ಟ ದಿನಗಳಲ್ಲಿ ಶೂಟಿಂಗ್ ನಡೆದು ಒಂದು ವರ್ಷವಾಯಿತು. ಯಂತ್ರ ಕೆಟ್ಟ ದಿನ ಹುಲುಗೇಶನ ಮುಖದಲ್ಲಿ ಕಾಣುತ್ತಿದ್ದ ಕಳೆಯನ್ನು ನೋಡಿ ಮಾಲೀಕರಿಗೆ ಅನುಮಾನ ಬಂದದ್ದೂ ಉಂಟು. ಕೊನೆಗೆ ಎಲ್ಲವನ್ನೂ ಕೂಡಿಸಿ ಕಂಪ್ಯೂಟರಿನಲ್ಲಿ ನೋಡಿದರೆ ಸಿನಿಮಾ ಐವತ್ತೆರಡು ನಿಮಿಷ ಇತ್ತು.

ಬೆಂಗಳೂರಿನ ಚಿತ್ರೋತ್ಸವದವರು ಕನಿಷ್ಠ ಎಪ್ಪತ್ತು ನಿಮಿಷ ಇದ್ದರೆ ಮಾತ್ರ ಅದನ್ನು ಪೂರ್ಣ ಚಿತ್ರ ಎನ್ನುತ್ತಾರೆ. ಶಾರ್ಟ್ ಫಿಲ್ಮಿನ ಸ್ಪರ್ಧೆಗಳವರು ಅರ್ಧ ತಾಸು ಮೀರಿದರೆ ಮುಟ್ಟುವುದಿಲ್ಲ. ಹೀಗೆ ಹುಲುಗೇಶನ ಸಿನಿಮಾ ಮಕ್ಕಳ ಪಂಕ್ತಿಗೆ ದೊಡ್ಡದಾಗಿ, ದೊಡ್ಡವರ ಪಂಕ್ತಿಗೆ ಚಿಕ್ಕದಾಗಿ, ಮದುವೆ ಊಟದಲ್ಲಿ ಎಲೆ ಸಿಗದೆ ನಿಂತ ಹುಡುಗನಂತಾಯಿತು. ಅರ್ಜಿ ಹಾಕಲು ಉಳಿದದ್ದು ಒಂದು ತಿಂಗಳು. ಅದಾದ ಮೇಲೆ ನಾಟಕದ ಹಂಗಾಮು ಶುರುವಾಗಿ ಸುಮಲತಾ ಬೇಸಿಗೆ ಮುಗಿಯುವತನಕ ಕೈಗೆ ಸಿಗುವುದಿಲ್ಲ.

ಹುಲುಗೇಶ ಉದ್ದ ಮಾಡಲು ಹೊರಟ. ಗಂಗವ್ವನ ತಮ್ಮ ಕೂಡ್ಲಿಗಿಯಿಂದ ಬಸ್ಸಿನಲ್ಲಿ ಬರುವ ದೃಶ್ಯವೊಂದಿತ್ತು. ಅದನ್ನು ಎಳೆದ. ಬಸ್ಸು ನಿಲ್ದಾಣ ಬಿಡುವುದು, ತಿರುವಿನಲ್ಲಿ ತಿರುಗುವುದು, ಗುಂಡಿಯಲ್ಲಿ ಇಳಿದು ಏಳುವುದು. ಕ್ರಾಂತಿಗೆ ತಡೆಯಲಾಗಲಿಲ್ಲ.

"ಲೇ ಹುಲುಗ, ಬಸ್ಸು ಬಿಟ್ಟಿದ್ದು ತೋರಿಸಿದಿ, ಮುಟ್ಟಿದ್ದೂ ತೋರಿಸಿದಿ. ಇನ್ನ ಕಂಡಕ್ಟರು ಚಿಲ್ರೆ ಕೊಡೋದೂ ತಗೀಬೇಕೇನು?"

"ಎಷ್ಟು ನಿಮಿಷ ಹಿಡೀತೈತಿ ಅದು?" ಎಂದು ಹುಲುಗೇಶ ಆಸೆಯಿಂದ ಕೇಳಿದ.

ಬಸ್ಸು, ಎಮ್ಮೆ, ಮೋಡ, ಇವೆಲ್ಲ ಸೇರಿ ಸಿನಿಮಾ ಅರವತ್ತರ ಮೇಲೆ ಹೋಯಿತು. ಒಂದು ಭಾನುವಾರ ಮಧ್ಯಾಹ್ನ ಅರ್ಚನಾಳನ್ನು ಕೂರಿಸಿ ತೋರಿಸಿದ. ಅವಳು ಹರಪನಹಳ್ಳಿಯ ಮಗಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಮೆಂತ್ಯ ಸೊಪ್ಪು ಬಿಡಿಸುತ್ತ ನೋಡಿದಳು. ಬಸ್ಸು ತಿರುವಿನಲ್ಲಿ ತಿರುಗುವಾಗ ಒಂದು ಸಣ್ಣ ನಿದ್ದೆ ತೆಗೆದಳು. ಎಚ್ಚರವಾದಾಗ ಬಸ್ಸು ಇನ್ನೂ ತಿರುಗುತ್ತಿತ್ತು.

"ಒಂದು ಕೇಳ್ತೀನಿ, ಸಿಟ್ಟಾಗಬಾರ್ದು" ಎಂದಳು. "ಆ ಗಂಗವ್ವ ಏನೋ ಹೇಳೋಕೆ ಬಾಯಿ ತೆಗೀತಾಳೆ. ಅಷ್ಟೊತ್ತಿಗೆ ನೀವು ಮರ ತೋರಿಸ್ತೀರ. ಯಾಕೆ?"

"ಅದು ಆಕೀ ಒಂಟಿತನಕ್ಕ ಸಂಕೇತ."

"ಮರಕ್ಕೆ ಏನಾಗೇತ್ರೀ ಒಂಟಿತನ. ಆ ಹೆಂಗಸು ಮಾತಾಡೋಕೆ ಕಾಯ್ತಾ ಅದಾಳೆ, ನೀವು ಬಿಡ್ತಾ ಇಲ್ಲ. ಮನೇಲೂ ಹಂಗೇ ಅಲ್ವಾ? ನಾನೊಂದು ಮಾತು ಶುರು ಮಾಡಿದ್ರೆ ಅರ್ಧಕ್ಕೇ ಎದ್ದು ಚಪ್ಪಲಿ ಮೆಟ್ಕೊಂತೀರ."

ಈ ಮಾತು ಮುಗಿಯುವಷ್ಟರಲ್ಲಿ ಹುಲುಗೇಶ ಎದ್ದು ನಿಂತಿದ್ದ. ಇಬ್ಬರೂ ಅವನ ಕಾಲಿನ ಕಡೆ ನೋಡಿದರು. ಅವನು ಮೆಲ್ಲಗೆ ಕೂತ.

ಅವಳು ಅಡುಗೆಮನೆಗೆ ಹೋದ ಮೇಲೆ ಅವನು ಮೂಲ ತುಣುಕುಗಳನ್ನು ಒಂದೊಂದಾಗಿ ಹಾಕಿ ನೋಡಿದ. ಪ್ರತಿಯೊಂದರ ಕೊನೆಗೂ ಅವನದೇ ದನಿ: "ಕಟ್." ಸುಮಲತಾಳ ಗಂಟಲು ಉಬ್ಬುತ್ತದೆ, "ಕಟ್." ತುಟಿ ಅದುರುತ್ತದೆ, "ಕಟ್." ಒಂದರಲ್ಲಂತೂ ಅವಳು ಕಣ್ಣೆತ್ತುವ ಮೊದಲೇ ಕಟ್. ಹೊಸಪೇಟೆಯಲ್ಲಿ ಬಿಗಿ ಎಂದು ಶಾಲು ಹೊದಿಸಿ ಹೊಗಳಿದ್ದು ಯಾವುದನ್ನು? ಅದು ಕಲೆಯಾಗಿರಲಿಲ್ಲ, ಅವನ ಕಾಲಿನ ತುರಿಕೆಯಾಗಿತ್ತು. ಆರು ನಿಮಿಷದಲ್ಲಿ ತುರಿಕೆ ಕಲೆಯಂತೆ ಕಾಣಬಹುದು. ಎಪ್ಪತ್ತು ನಿಮಿಷಕ್ಕೆ ಬೇರೆ ಏನೋ ಬೇಕು, ಅದು ತನ್ನ ಹತ್ತಿರ ಇದೆಯೋ ಇಲ್ಲವೋ ಎಂಬ ಹೆದರಿಕೆ ಹುಲುಗೇಶನಿಗೆ ಮೊದಲ ಸಲ ಹುಟ್ಟಿತು.

ಮುಂದಿನ ವಾರವೇ ಮತ್ತೆ ಹಲವಾಗಲಿಗೆ ಹೋದರು. ಕೊನೆಯ ದೃಶ್ಯವನ್ನು ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ತೆಗೆಯುವುದು ಎಂದು ನಿಶ್ಚಯವಾಗಿತ್ತು. ಗಂಗವ್ವ ಮರಳಿನ ಮೇಲೆ ಕೂತು, ಆಚೆ ದಂಡೆಯ ಹೊಗೆಯ ಜೊತೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಆಡಿ ಅಳಬೇಕು. ನೋಡಲು ಬಂದ ಊರಿನವರು ಅಡ್ಡ ಕಟ್ಟಿದ ಹಗ್ಗದಾಚೆ ನಿಂತಿದ್ದರು.

ಮೊದಲ ಸಲ ಅವಳು ಕೂತು ಉಸಿರೆಳೆದಳು, ಹುಲುಗೇಶ ಕಟ್ ಅಂದ. ಎರಡನೆಯ ಸಲ ಒಂದು ಮಾತು ಆಡಿದಳು, ಕಟ್ ಅಂದ. ಮೂರನೆಯ ಸಲ ಬಾಯಿಗೆ ಟವೆಲ್ ಒತ್ತಿ ಹಿಡಿದು ನಿಂತ. ಟವೆಲ್ಲಿನೊಳಗಿಂದಲೇ ಕಟ್ ಬಂತು. ಸುಮಲತಾ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಸಾರ್, ಅಳು ಗಂಟಲಿಗೆ ಬಂದಿರ್ತೈತಿ, ಅಷ್ಟರಾಗ ನಿಲ್ಲಸ್ತೀರಿ. ತಿರುಗಿ ನುಂಗಬೇಕು. ಹಿಂಗ ನುಂಗಿ ನುಂಗಿ ನನಗ ಹೊಟ್ಟಿ ನೋವು ಬರಾಕತ್ತೈತಿ. ನಾಟಕದಾಗ ಹಾರ್ಮೋನಿ ಮಾಸ್ತರ ಪೆಟ್ಟಿಗಿ ಮುಚ್ಚೋತನಾ ಅಳ್ತಿದ್ದೆ."

"ತಪ್ಪಾತು ಸುಮಲತಕ್ಕ. ಈ ಸಲ ಅನ್ನಂಗಿಲ್ಲ."

"ಅಂತೀಯ" ಎಂದ ಕ್ರಾಂತಿ. "ಹುಲುಗ, ನೀ ಇಲ್ಲಿದ್ರ ಇದು ಆಗಂಗಿಲ್ಲ. ಎದ್ದು ಹೋಗು."

"ಡೈರೆಕ್ಟರು ಎಲ್ಲಿಗೆ ಹೋಗಬೇಕಲೇ?"

"ಊರಾಗ ಹೋಗಿ ಚಾ ಕುಡಿ. ನೀ ತಿರುಗಿ ಬಂದು ನನ್ನ ಮಗ್ಗಲಾಗ ನಿಲ್ಲೋತನಾ ಕ್ಯಾಮೆರಾ ಬಂದ್ ಮಾಡಂಗಿಲ್ಲ. ಏನರ ಆಗ್ಲಿ."

ಹುಲುಗೇಶನಿಗೆ ಅವಮಾನವೂ ಆಯಿತು, ಎಲ್ಲಿಗಾದರೂ ಹೋಗಬಹುದಲ್ಲ ಎಂದು ಒಳಗೆ ಸಂತೋಷವೂ ಆಯಿತು. ದಂಡೆ ಹತ್ತಿ ಊರಿನ ದಾರಿ ಹಿಡಿದ.

ಅರ್ಧ ದಾರಿಯಲ್ಲಿ ಓಬಳೇಶಪ್ಪ ಸಿಕ್ಕರು. ಬಿಳಿ ಧೋತರ, ಬಿಳಿ ಅಂಗಿ, ಎಪ್ಪತ್ತರ ಆಸುಪಾಸಿನವರು. ಸುತ್ತಿನ ಯಾವ ಊರಿನಲ್ಲಿ ನಾಟಕವಾದರೂ ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ ಇರಬೇಕು.

"ಸುಮಲತಾ ಬಂದಾಳಂತಲ್ಲ ತಮ್ಮಾ, ಖರೇನ?"

"ಹೌದ್ರಿ ಯಜಮಾನ್ರ. ಹೊಳಿ ದಂಡ್ಯಾಗ ಅದಾಳ."

"ಅಳೋ ಸೀನು ಐತೇನು?"

"ಅದ ನಡದೈತ್ರಿ."

"ಮತ್ತ ನೀ ಇಲ್ಲೇನು ಮಾಡ್ತಿ?"

"ಹೋಗಿ ನೋಡ್ರಿ. ಆದ್ರ ಸಪ್ಪಳ ಮಾಡಬ್ಯಾಡ್ರಿ" ಎಂದಷ್ಟೇ ಹೇಳಿ ಹುಲುಗೇಶ ಮುಂದೆ ನಡೆದ.

ಸಪ್ಪಳ ಮಾಡಬೇಡಿ ಎಂದು ಹೇಳಿದ್ದ. ಹಗ್ಗದ ಒಳಗೆ ಹೋಗಬೇಡಿ ಎಂದು ಹೇಳಿರಲಿಲ್ಲ.

ಚಹಾದಂಗಡಿಯಲ್ಲಿ ಅವನಿಗೆ ಕೂರಲಾಗಲಿಲ್ಲ. ಅರ್ಧ ಕುಡಿದ ಲೋಟವನ್ನು ಅಲ್ಲೇ ಇಟ್ಟು ತಿರುಗಿ ಬಂದ. ದಂಡೆಯ ಮೇಲೆ ಬಂದು ಕೆಳಗೆ ನೋಡಿದರೆ ಸುಮಲತಾ ಮರಳಿನ ಮೇಲೆ ಕೂತು ಅಳುತ್ತಿದ್ದಳು. ಜನ ಹಗ್ಗದಾಚೆ ಕಲ್ಲಿನಂತೆ ನಿಂತಿದ್ದರು. ಹಗ್ಗದ ಈಚೆ, ಕ್ಯಾಮೆರಾದ ಚೌಕಟ್ಟಿನ ನಟ್ಟ ನಡುವೆ, ಬಿಳಿ ಧೋತರವೊಂದು ಅವಳ ಕಡೆಗೆ ನಿಧಾನವಾಗಿ ನಡೆಯುತ್ತಿತ್ತು. ಸಪ್ಪಳವಾಗದಿರಲೆಂದು ಓಬಳೇಶಪ್ಪ ಚಪ್ಪಲಿ ಬಿಟ್ಟು ಹೊರಟಿದ್ದರು.

ನಮ್ಮ ಕಡೆಯ ನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾತ್ರದವರು ಚೆನ್ನಾಗಿ ಅತ್ತರೆ ನೋಡುವವನು ಸುಮ್ಮನೆ ಕೂರುವುದು ಮರ್ಯಾದೆಯಲ್ಲ. ಸ್ಟೇಜು ಹತ್ತಬೇಕು, ಜೇಬಿನಿಂದ ನೋಟು ತೆಗೆದು ಪಾತ್ರದವರ ಬಟ್ಟೆಗೆ ಪಿನ್ನು ಚುಚ್ಚಬೇಕು. ಹಾರ್ಮೋನಿಯಂ ನಿಲ್ಲುತ್ತದೆ, ಸತ್ತ ಗಂಡನೂ ಒಂದು ಕಣ್ಣು ತೆರೆದು ನೋಡುತ್ತಾನೆ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಪಾತ್ರದವರು ಕೈಮುಗಿದು, ಅಳುವನ್ನು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ ಮುಂದುವರಿಸುತ್ತಾರೆ.

ಓಬಳೇಶಪ್ಪ ಬಾಗಿ ಸುಮಲತಾಳ ಸೆರಗಿಗೆ ನೋಟು ಚುಚ್ಚಿದರು. ಸುಮಲತಾ ಅಳು ನಿಲ್ಲಿಸಿ ಎರಡೂ ಕೈ ಜೋಡಿಸಿದಳು. ಆಮೇಲೆ ಮತ್ತೆ ಅಳಲು ಹತ್ತಿದಳು, ಅದೇ ಮಾತಿನ ಅದೇ ಅಕ್ಷರದಿಂದ.

ಹುಲುಗೇಶನ ಬಾಯಿ ತೆರೆಯಿತು. ಅಷ್ಟರಲ್ಲಿ ಓಬಳೇಶಪ್ಪನವರಿಗೆ ಒಂದು ತೊಡಕು ಎದುರಾದದ್ದು ಕಂಡಿತು. ನೋಟು ಚುಚ್ಚಿದ ಮೇಲೆ ಸ್ಟೇಜಿನಿಂದ ಇಳಿಯಬೇಕು. ಇಲ್ಲಿ ಇಳಿಯಲು ಸ್ಟೇಜೇ ಇಲ್ಲ, ಸುತ್ತಲೂ ಮರಳು. ಅವರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಕೊನೆಗೆ ಮೊಣಕಾಲು ಹಿಡಿದುಕೊಂಡು ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಪಕ್ಕದಲ್ಲಿ ಒಬ್ಬ ಹೆಂಗಸು ಅಳುತ್ತಿದ್ದಾಳೆ. ಎಷ್ಟು ಹೊತ್ತು ಸುಮ್ಮನಿರಲಾಗುತ್ತದೆ.

"ಸಾಕು ಬಿಡಬೇ" ಎಂದರು. "ಎಷ್ಟು ವರ್ಷಾತು ಅಂವ ಹೋಗಿ?"

ಇದು ಹುಲುಗೇಶ ಬರೆದ ಮಾತಲ್ಲ. ಸುಮಲತಾ ಮೂಗು ಒರೆಸಿಕೊಂಡಳು.

"ಏಳು ಸುಗ್ಗಿ ಆದ್ವು ಯಪ್ಪಾ."

"ಈಗ ತಿರುಗಿ ಬಂದ್ರ ಒಳಗ ಕರೀತಿಯೇನು?"

ಅವಳು ಆಚೆ ದಂಡೆ ನೋಡುತ್ತ ಕೂತಳು. ಅವರೂ ಆ ಕಡೆಗೇ ನೋಡುತ್ತ ಕೂತರು. ಒಂದು ಕೊಕ್ಕರೆ ಬಂದು ಇಳಿದು, ಏನೂ ಸಿಗದೆ ಹಾರಿಹೋಯಿತು. ದಂಡೆಯ ಮೇಲೆ ಹುಲುಗೇಶ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಇಂಥ ಹೊತ್ತಿನಲ್ಲೇ ಅವನು ಜೀವನದುದ್ದಕ್ಕೂ ಕಟ್ ಎಂದದ್ದು, ಚಪ್ಪಲಿ ಮೆಟ್ಟಿದ್ದು, ಬಸ್ಸು ಹತ್ತಿದ್ದು.

"ಕರಿಯಂಗಿಲ್ಲ" ಎಂದಳು ಸುಮಲತಾ ಕೊನೆಗೆ. "ಬಾಗ್ಲಾ ಹಾಕೋದೂ ಇಲ್ಲ."

ಕ್ರಾಂತಿ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿ ಹುಲುಗೇಶನನ್ನು ನೋಡಿದ. ಹುಲುಗೇಶ ಇಳಿದು ಬಂದು ಪಕ್ಕದಲ್ಲಿ ನಿಂತರೆ ಕ್ಯಾಮೆರಾ ನಿಲ್ಲುತ್ತದೆ. ಮಾತು ಹಾಗೇ ಆಗಿತ್ತು. ಕೆಳಗೆ ಇಳಿಯಲು ಮುಂದಿಟ್ಟ ಕಾಲನ್ನು ಹುಲುಗೇಶ ಹಿಂದಕ್ಕೆ ತೆಗೆದುಕೊಂಡ. ಬೆನ್ನು ತಿರುಗಿಸಿ ಮತ್ತೆ ಊರಿನ ಕಡೆ ನಡೆದ. ಓಡಿದರೆ ಸಪ್ಪಳವಾದೀತೆಂದು ಮೆಲ್ಲಗೆ ನಡೆದ. ಕೆಳಗೆ ಏನು ನಡೆಯುತ್ತಿದೆ ಎಂದು ನೋಡದೆ ನಡೆಯುವುದು ಎಂಥ ಸಂಕಟ ಎಂಬುದು ಅವತ್ತು ಅವನಿಗೆ ಗೊತ್ತಾಯಿತು.

ಅವನು ತಿರುಗಿ ಬಂದು ಪಕ್ಕದಲ್ಲಿ ನಿಂತ ಮೇಲೆಯೇ ಕ್ರಾಂತಿ ಕ್ಯಾಮೆರಾ ಬಂದ್ ಮಾಡಿದ, ಆಮೇಲೆ ತಪ್ಪೊಪ್ಪಿಗೆ ಶುರುವಾಯಿತು.

"ಮಾಫಿ ಮಾಡ್ರಿ ಸಾರ್" ಎಂದಳು ಸುಮಲತಾ. "ಪಿನ್ನು ಚುಚ್ಚಿದ ಕೂಡ್ಲೇ ಕೈ ತಾನ ಮುಗೀತು. ರೂಢಿ ನೋಡ್ರಿ. ಇನ್ನೊಮ್ಮೆ ತಗೊಳ್ರಿ, ಹೊಸದಾಗಿ ಅಳ್ತೀನಿ."

"ಬ್ಯಾಡಕ್ಕ. ಇದ ಇರ್ಲಿ."

ಓಬಳೇಶಪ್ಪನವರ ದೂರು ಬೇರೆ ಇತ್ತು. "ಎಲ್ಲಾ ಚಲೋ ಐತಿ ತಮ್ಮಾ, ಹೆಸರು ಮಾತ್ರ ಕೂಗಲಿಲ್ಲ ನೋಡು."

ಹುಲುಗೇಶ ಮರಳಿನ ಮೇಲೆ ನೆಟ್ಟಗೆ ನಿಂತು, ಇಲ್ಲದ ಮೈಕು ಹಿಡಿದು, ಹಲವಾಗಲಿನ ಓಬಳೇಶಪ್ಪನವರಿಗೆ ಕಲಾವಿದರೆಲ್ಲರ ಪರವಾಗಿ ಕೃತಜ್ಞತೆ ಸಲ್ಲಿಸಿದ. ಜನ ಚಪ್ಪಾಳೆ ತಟ್ಟಿದರು. ಅವರು ತಲೆಯಾಡಿಸಿ ಚಪ್ಪಲಿ ಹುಡುಕಲು ಹೋದರು.

ಆ ಓಟವನ್ನು ಜೋಡಿಸಿದ ಮೇಲೆ ಸಿನಿಮಾ ಎಪ್ಪತ್ತು ದಾಟಿತು. ಕ್ರಾಂತಿ ಕೊಟ್ಟೂರಿನಲ್ಲಿ ಮಿರ್ಚಿ ಬಜ್ಜಿ ಕೊಡಿಸಿದ. ಹುಲುಗೇಶ ಮಾತ್ರ ಅರ್ಜಿ ಹಾಕಲಿಲ್ಲ. ಹೊಳೆಯ ದಂಡೆಯ ಆ ದೃಶ್ಯ ನೋಡಿದ ಮೇಲೆ ಅದರ ಹಿಂದಿನ ಬಸ್ಸನ್ನು ಅವನಿಗೇ ನೋಡಲಾಗಲಿಲ್ಲ. ಬಸ್ಸು ತೆಗೆದ. ಎಮ್ಮೆ ಹೊಡೆದೋಡಿಸಿದ. ಮರಕ್ಕೆ ಕೈ ಮುಗಿದು ತೆಗೆದ. ಗಂಗವ್ವನ ಬಾಯಿ ಮುಚ್ಚಿಸಿದ ತುಣುಕುಗಳೆಲ್ಲ ಹೋದ ಮೇಲೆ ಉಳಿದದ್ದು ಒಂದು ಶಾರ್ಟ್ ಫಿಲ್ಮಿನಷ್ಟೇ.

"ಮಂಗ್ಯಾ" ಎಂದ ಕ್ರಾಂತಿ. "ದಡಕ್ಕ ಬಂದ ತೆಪ್ಪಾನ ತಿರುಗಿ ನೂಕಿದಿ."

"ಮತ್ತ ತಗಿಯೋಣು. ಮೊದಲಿಂದ."

"ಯಾವಾಗ?"

"ಸುಮಲತಕ್ಕನ ನಾಟಕ ಮುಗೀಲಿ. ಕಾಯೋಣು."

ಕಾಯೋಣ ಎಂಬ ಮಾತು ಹುಲುಗೇಶನ ಬಾಯಿಂದ ಬಂದದ್ದು ಕೇಳಿ ಕ್ರಾಂತಿಗೆ ಮುಂದಿನ ಬೈಗುಳ ಮರೆತುಹೋಯಿತು.

ಮಳೆಗಾಲಕ್ಕೆ ಮತ್ತೆ ಶುರುವಾಯಿತು. ಈ ಸಲ ಓಬಳೇಶಪ್ಪನವರಿಗೂ ಪಾತ್ರವಿತ್ತು, ಆದರೆ ಅವರು ಏನು ಮಾತಾಡುತ್ತಾರೆಂದು ಯಾರಿಗೂ ಮೊದಲೇ ಗೊತ್ತಿರುತ್ತಿರಲಿಲ್ಲ. ದೃಶ್ಯವನ್ನು ಸುಮಲತಾಳಿಗೆ ವಿವರಿಸುವುದು, ಕ್ರಾಂತಿಯ ಹೆಗಲು ತಟ್ಟುವುದು, ದಂಡೆ ಹತ್ತಿ ಹೊರಟುಬಿಡುವುದು, ಹುಲುಗೇಶನ ನಿರ್ದೇಶನ ಇಷ್ಟೇ ಆಯಿತು. ಶೂಟಿಂಗ್ ನೋಡಲು ಬಂದವರು ಡೈರೆಕ್ಟರು ಯಾರು ಎಂದು ಕೇಳಿದರೆ ಊರಿನವರು ದೂರದ ಜೋಳದ ಹೊಲಗಳ ನಡುವೆ ಚಡಪಡಿಸುತ್ತ ಅಡ್ಡಾಡುವ ಒಂದು ಚುಕ್ಕೆಯನ್ನು ತೋರಿಸುತ್ತಿದ್ದರು. ಅರ್ಚನಾ ಒಮ್ಮೆ ಬಂದು ನೋಡಿ, "ಮನೇಲೂ ಮಾತು ಮುಗಿಯೋ ತನಕ ಇರಬೇಕು ಅಂತ ಹೇಳಿದ್ದು ನಾನು, ಎದ್ದು ಹೋಗ್ರಿ ಅಂತ ಅಲ್ಲ" ಎಂದಳು. ಆದರೂ ಮುಗಿದ ಸಿನಿಮಾ ತೋರಿಸಿದಾಗ ಅವಳ ಮುಂದಿದ್ದ ಸೊಪ್ಪು ಹಾಗೇ ಉಳಿದಿತ್ತು.

ಸಿನಿಮಾ ಒಂದೂಮುಕ್ಕಾಲು ತಾಸು ಆಯಿತು. ಹೆಸರು ಕೊನೆಗೂ ಒಂದಕ್ಕೆ ನಿಂತಿತು, ಅರ್ಜಿಯಲ್ಲಿ ಶಾಯಿಯಿಂದ ಬರೆದದ್ದರಿಂದ. ಬೆಂಗಳೂರಿನವರು ಆರಿಸಿಕೊಂಡರು.

ಪ್ರದರ್ಶನದ ದಿನ ಹುಲುಗೇಶ ಕೊನೆಯ ಸಾಲಿನ ಅಂಚಿನಲ್ಲಿ ಕೂತ. ದೀಪ ಆರಿತು. ಗಂಗವ್ವ ಹೊಳೆಗೆ ಬಂದಳು, ಕೊಡ ಇಳಿಸಿದಳು. ಯಾರೋ ಕೆಮ್ಮಿದರು. ಆ ಕೆಮ್ಮಿನಲ್ಲಿ ಬೇಸರ ಇದೆಯೋ, ಬರೀ ಕಫ ಇದೆಯೋ ಎಂದು ಅವನಿಗೆ ಬಗೆಹರಿಯಲಿಲ್ಲ. ಎದ್ದು ಹೊರಗೆ ಬಂದು, ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಕಾವಲುಗಾರ ಸ್ವಲ್ಪ ಹೊತ್ತು ಅವನನ್ನೇ ನೋಡಿದ.

"ಯಾಕ್ ಸಾರ್, ಬೋರಾಯ್ತಾ?"

"ಭಾಳ ಉದ್ದ ಐತ್ರಿ."

ಕಾವಲುಗಾರ ಬಾಗಿಲನ್ನು ಒಂದು ಗೇಣು ಸರಿಸಿ, ಕತ್ತಲೊಳಗೆ ಇಣುಕಿ, ಮತ್ತೆ ಮುಚ್ಚಿದ.

"ಇರಬೌದು. ಬೆಳಿಗ್ಗೆಯಿಂದ ಎರಡು ಪಿಚ್ಚರ್‌ಗೂ ಅರ್ಧಕ್ಕರ್ಧ ಜನ ಎದ್ದು ಬಂದ್ರು. ಇದಕ್ಕೆ ಎದ್ದು ಬಂದಿರೋದು ನೀವೊಬ್ರೆ."

ಹುಲುಗೇಶ ನಡೆಯುವುದನ್ನು ನಿಲ್ಲಿಸಿದ.

"ಇನ್ನೊಮ್ಮೆ ನೋಡಿ ಹೇಳ್ರಿ" ಎಂದ.